ಪೀಣ್ಯದಲ್ಲಿ ಕೂತು ಬರೆದ ಸುಪ್ರೀಂ ಕೋರ್ಟು

ಇಪ್ಪತ್ತಾರು ವರ್ಷ ಸುಪ್ರೀಂ ಕೋರ್ಟಿನ ಸುದ್ದಿ ಬರೆದವಳು ನಾನು. ಆ ಕೋರ್ಟನ್ನು ಒಂದು ಸಲವೂ ನೋಡಿಲ್ಲ. ದೆಹಲಿಗೆ ಹೋದದ್ದು ಒಮ್ಮೆ, ತಂಗಿಯ ಮಗಳ ಮದುವೆಗೆ. ಆಟೋದವನು ಗುಮ್ಮಟವನ್ನಾದರೂ ತೋರಿಸುತ್ತೇನೆ ಎಂದು ಆ ದಾರಿಯಲ್ಲೇ ಕರೆದುಕೊಂಡು ಹೋದ. ಸರಿಯಾಗಿ ಅದೇ ಹೊತ್ತಿಗೆ ಒಂದು ಬಸ್ಸು ಅಡ್ಡ ಬಂತು. ಬಸ್ಸು ಹೋಗುವಷ್ಟರಲ್ಲಿ ಕೋರ್ಟೂ ಹೋಗಿತ್ತು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸದಾಗಿ ಸುದ್ದಿಮನೆಗೆ ಸೇರಿದ ಮಕ್ಕಳು ಕೆಲವರು ಮನೆಗೆ ಬಂದು, 'ಮೇಡಂ, ನಿಮ್ಮ ಅನುಭವ ಬರೆದುಕೊಡಿ' ಎಂದು ಕೂತಿದ್ದಾರೆ. ನಾನು ನ್ಯಾಯಮೂರ್ತಿಗಳ ಜೊತೆ ಕಾಫಿ ಕುಡಿದವಳು ಎಂದು ಅವರಿಗೆ ಯಾರೋ ಹೇಳಿರಬೇಕು. ನಾನು ಕಾಫಿ ಅಲ್ಲ, ಚಹ ಕುಡಿದದ್ದು. ಅದೂ ಪೀಣ್ಯ ಎರಡನೇ ಹಂತದಲ್ಲಿ, ಪುಟ್ಟಣ್ಣನ ಅಂಗಡಿಯಲ್ಲಿ. ಬಡ್ತಿಯ ಕಥೆ ಬೇಕಿದ್ದವರು ಬೇರೆಯವರನ್ನು ಕೇಳಿ. ನನಗೆ ಬಂದದ್ದು ಎರಡೇ, ಎರಡನೆಯದು ಬಂದಾಗ ಹೊಸ ಗುರುತಿನ ಚೀಟಿ ಮಾಡಿಸುವಷ್ಟರಲ್ಲಿ ನಿವೃತ್ತಿಯೂ ಬಂತು.

ನಮ್ಮ ಪತ್ರಿಕೆಯ ಕಚೇರಿ ಮೊದಲು ಊರ ನಡುವೆ ಇತ್ತು. ಜಾಗ ಸಾಲದೆಂದು ಮುದ್ರಣ ಯಂತ್ರವನ್ನು ಪೀಣ್ಯಕ್ಕೆ ಸಾಗಿಸಿದರು, ಯಂತ್ರದ ಹಿಂದೆಯೇ ನಮ್ಮನ್ನೂ ಸಾಗಿಸಿದರು. ಎಡಕ್ಕೆ ನಟ್ಟು ಬೋಲ್ಟಿನ ಕಾರ್ಖಾನೆ, ಬಲಕ್ಕೆ ಬಣ್ಣ ಬಳಿಯುವ ಘಟಕ, ರಸ್ತೆಯ ಆಚೆ ಗಾಡಿಗಳ ಬಿಡಿಭಾಗ ಒತ್ತುವ ಕಾರ್ಖಾನೆ. ಅದರ ಯಂತ್ರ ಒಂದೊಂದು ಸಲ ಬಿದ್ದಾಗಲೂ ನನ್ನ ಮೇಜಿನ ಮೇಲಿನ ಪೆನ್ನು ಒಂದು ಬೆರಳಷ್ಟು ಜರುಗುತ್ತಿತ್ತು. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಪ್ರೆಸ್ಸಿನಲ್ಲಿ ಕೆಲಸ ಎಂದೆ. ಆ ಕಡೆ ಪ್ರೆಸ್ಸೆಂದರೆ ತಗಡು ಒತ್ತುವ ಯಂತ್ರ. ಮನೆ ಯಜಮಾನರು ಮೇಲಿಂದ ಕೆಳಗೆ ನೋಡಿ, 'ಎಷ್ಟು ಟನ್ನಿಂದಮ್ಮಾ?' ಎಂದರು.

ನನ್ನ ಕೆಲಸ ಹೇಳಿಕೊಳ್ಳಲು ದೊಡ್ಡದು, ಮಾಡಲು ಸಣ್ಣದು. ದೆಹಲಿಯಿಂದ ಸುದ್ದಿಸಂಸ್ಥೆ ಇಂಗ್ಲಿಷಿನಲ್ಲಿ ಕಳಿಸಿದ್ದನ್ನು ಕನ್ನಡಕ್ಕೆ ತಂದು, ಅರ್ಥವಾಗುವ ಹಾಗೆ ಮಾಡಿ, ತಲೆಬರಹ ಕೊಟ್ಟು, ಪುಟ ಕಟ್ಟುವವರಿಗೆ ಒಪ್ಪಿಸುವುದು. ತಲೆಬರಹದಲ್ಲಿ ಮಾತ್ರ ನಾವು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ನಮ್ಮ ಪ್ರಕಾರ ಸುಪ್ರೀಂ ಕೋರ್ಟಿಗೆ ಇದ್ದದ್ದು ಮೂರೇ ಮನಸ್ಥಿತಿ: ಗರಂ, ತರಾಟೆ, ಅಸ್ತು. ಕೈಯಲ್ಲಿ ಸದಾ ಚಾಟಿ. ನ್ಯಾಯಮೂರ್ತಿಗಳು ಮೆಲುದನಿಯಲ್ಲಿ 'ಇನ್ನೂ ಯಾಕೆ ಉತ್ತರ ಸಲ್ಲಿಸಿಲ್ಲ?' ಎಂದು ಕೇಳಿದ್ದರೆ, ಮರುದಿನ ನಮ್ಮಲ್ಲಿ 'ಸುಪ್ರೀಂ ಚಾಟಿ'. ಅವರು ಹತ್ತು ನಿಮಿಷ ನಿಜವಾಗಿ ಬೈದಿದ್ದರೂ 'ಸುಪ್ರೀಂ ಚಾಟಿ'. ಅದಕ್ಕಿಂತ ದೊಡ್ಡ ಆಯುಧ ನಮ್ಮಲ್ಲಿರಲಿಲ್ಲ.

ಪುಟ್ಟಣ್ಣ ಇದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದ. ನೆಲಮಂಗಲದ ಕಡೆಯವನು, ರಸ್ತೆಯ ಆಚೆಯ ಕಾರ್ಖಾನೆಯ ಗೇಟಿನ ಪಕ್ಕ ತಗಡಿನ ಅಂಗಡಿ ಹಾಕಿಕೊಂಡು ಚಹ, ಬನ್ನು, ಬಾಳೆಹಣ್ಣು ಮಾರುತ್ತಿದ್ದ. ನಮ್ಮ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿ, ಆಮೇಲೆ ಪುಟಗಳನ್ನು ಅಂಗಡಿಯ ತಗಡಿಗೆ ಅಂಟಿಸುತ್ತಿದ್ದ. ನಾನು ರಸ್ತೆ ದಾಟಿ ಬರುವುದನ್ನು ಕಂಡ ಕೂಡಲೇ ಶುರು.

'ಏನ್ ಮೇಡಂ, ನಿಮ್ ಕೋರ್ಟು ಇವತ್ತು ಯಾರ್ಗ್ ಒಡೀತು?'

'ಯಾರಿಗೂ ಇಲ್ಲಪ್ಪ, ಇವತ್ತು ವಿಚಾರಣೆ ಮುಂದಕ್ಕೆ ಹೋಯ್ತು.'

'ಅಂಗಾದ್ರೆ ನಾಳೆ ಎಲ್ಡ್ ದಿನದ್ದೂ ಸೇರ್ಸಿ ಒಡೀತದೆ ಬಿಡಿ.'

ಅವನು ಹೀಗೆ ಕಾಲೆಳೆಯಲು ಕಾರಣವಿತ್ತು. ಪೀಣ್ಯಕ್ಕೆ ಬಂದ ಹೊಸತರಲ್ಲಿ ನಾನು ಅವನಿಗೆ ಒಂದು ಉಪಕಾರ ಮಾಡಿದ್ದೆ. ಯಾವುದೋ ಕಸದ ಮೊಕದ್ದಮೆಯ ನಡುವೆ ನ್ಯಾಯಮೂರ್ತಿಯೊಬ್ಬರು, ಈ ಪ್ಲಾಸ್ಟಿಕ್ ಲೋಟಗಳನ್ನು ನಿಷೇಧಿಸಿದರೆ ಏನಾಗುತ್ತದೆ ಎಂದು ವಕೀಲರನ್ನು ಕೇಳಿದ್ದರು. ಕೇಳಿದ್ದು ಅಷ್ಟೇ. ನಾನು 'ಪ್ಲಾಸ್ಟಿಕ್ ಲೋಟಕ್ಕೆ ಸುಪ್ರೀಂ ನಿಷೇಧ' ಎಂದು ಬರೆದೆ. ಪುಟ್ಟಣ್ಣ ಬೆಳಿಗ್ಗೆ ಅದನ್ನು ಓದಿ, ಅಂಗಡಿಯಲ್ಲಿದ್ದ ಲೋಟಗಳನ್ನೆಲ್ಲ ಮೂಟೆ ಕಟ್ಟಿ ಗುಜರಿಯವನಿಗೆ ಕೊಟ್ಟು, ಯಶವಂತಪುರಕ್ಕೆ ಹೋಗಿ ಗಾಜಿನ ಲೋಟ ತಂದ. ಸುತ್ತಮುತ್ತ ಉಳಿದ ಅಂಗಡಿಗಳಲ್ಲಿ ಅದೇ ಪ್ಲಾಸ್ಟಿಕ್ಕು ಇನ್ನೂ ವರ್ಷಗಟ್ಟಲೆ ನಡೆಯಿತು. 'ಪೀಣ್ಯದಾಗೆ ಸುಪ್ರೀಂ ಕೋರ್ಟ್ ಮಾತು ಕೇಳ್ದೋನು ನಾನೊಬ್ನೇ ಮೇಡಂ, ಅವರು ಏಳ್ದೆ ಇದ್ರೂ ಕೇಳ್ದೆ' ಎಂದು ಲೋಟ ಕೊಡುವಾಗಲೆಲ್ಲ ನೆನಪಿಸುತ್ತಿದ್ದ.

ಲೋಟದ ತಲೆಬರಹ ಬಂದ ದಿನವೇ ನನ್ನನ್ನು ಕರೆದು ಕೂರಿಸಿಕೊಂಡವರು ನಮ್ಮ ಸುದ್ದಿ ಸಂಪಾದಕರು, ಶ್ರೀಕಂಠಯ್ಯನವರು. ತೆಳ್ಳನೆಯ ಮನುಷ್ಯ, ಹಲ್ಲುನೋವಿನಿಂದ ಸದಾ ಒಂದು ಕೆನ್ನೆಯ ಮೇಲೆ ಕೈ. ಬೈಯಲಿಲ್ಲ.

'ಸರೋಜಾ, ಪ್ರಶ್ನೆ ಬೇರೆ, ತೀರ್ಪು ಬೇರೆ. ನಿಮ್ಮನೇಲಿ ಅಡುಗೆ ಏನು ಮಾಡ್ಲಿ ಅಂತ ಕೇಳಿದ ಕೂಡಲೇ ಊಟ ಆಗಿಬಿಡುತ್ತಾ?'

ಆಮೇಲೆ ಒಂದು ಚೀಟಿಯ ಮೇಲೆ ಮೂರು ಪ್ರಶ್ನೆ ಬರೆದು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟರು. ಯಾರು ಗೆದ್ದರು? ಯಾರು ಸೋತರು? ನಾಳೆ ಬೆಳಿಗ್ಗೆ ಯಾರ ಮನೆಯಲ್ಲಿ ಏನು ಬದಲಾಗುತ್ತದೆ? ಇವಕ್ಕೆ ಉತ್ತರ ಸಿಗದೆ ಕೋರ್ಟಿನ ಸುದ್ದಿ ಮುಂದೆ ಹೋಗಕೂಡದು. ಸಂಜೆ ನನ್ನ ಹಿಂದೆ ಬಂದು ನಿಂತು, ಪರದೆಯನ್ನೂ ನೋಡದೆ, ಕೆನ್ನೆ ಹಿಡಿದುಕೊಂಡು ಕೇಳುವರು: 'ಯಾರು ಗೆದ್ದದ್ದು?' ಉತ್ತರ ತಡವಾದರೆ ಸುದ್ದಿ ವಾಪಸ್.

ಸಂಪಾದಕೀಯ ಬರೆಯುವವರಿಗೆ ಈ ಕಾಟ ಇರಲಿಲ್ಲ. ಅವರು ತೀರ್ಪು ಬಂದ ಅರ್ಧ ಗಂಟೆಯಲ್ಲಿ ಅದು ಐತಿಹಾಸಿಕ ಎಂದು ತೀರ್ಮಾನಿಸುತ್ತಿದ್ದರು. ನನ್ನ ಕಾಲದಲ್ಲಿ ಎಷ್ಟು ಐತಿಹಾಸಿಕ ತೀರ್ಪುಗಳು ಬಂದವೆಂದರೆ, ಸಾಧಾರಣ ತೀರ್ಪು ಯಾವುದಾದರೂ ಬಂದಿದ್ದರೆ ಅದೇ ಇತಿಹಾಸವಾಗುತ್ತಿತ್ತು. ನಮಗೆ ಅಂಕಣ ಬರೆಯುತ್ತಿದ್ದ ನಿವೃತ್ತ ವಕೀಲರೊಬ್ಬರಿದ್ದರು. ಅವರ ಲೇಖನ ಯಾವಾಗಲೂ 'ಒಂದು ದೃಷ್ಟಿಯಿಂದ' ಎಂದು ಶುರುವಾಗಿ, 'ಇನ್ನೊಂದು ದೃಷ್ಟಿಯಿಂದ' ಎಂದು ತಿರುಗಿ, 'ಕಾಲವೇ ಹೇಳಬೇಕು' ಎಂದು ಮುಗಿಯುತ್ತಿತ್ತು. ಒಮ್ಮೆ ಲೇಖನದ ನಡುವಿನ ಹಾಳೆಯೇ ಕಳೆದುಹೋಯಿತು. ಹಾಗೇ ಅಚ್ಚಾಯಿತು. ಒಬ್ಬ ಓದುಗರೂ ಕೇಳಲಿಲ್ಲ, ಬರೆದವರೂ ಕೇಳಲಿಲ್ಲ.

ಕೆಲಸದ ರೀತಿ ಬದಲಾದದ್ದನ್ನು ಹೇಳದಿದ್ದರೆ ನಿಮಗೆ ಬೇಜಾರಾಗುತ್ತದೆ. ನಾನು ಸೇರಿದಾಗ ಸುದ್ದಿ ಕಟಕಟ ಎಂದು ಕಾಗದದ ಸುರುಳಿಯಾಗಿ ಬರುತ್ತಿತ್ತು, ಅದನ್ನು ಅಳತೆಕಡ್ಡಿ ಒತ್ತಿ ಹರಿದುಕೊಳ್ಳುತ್ತಿದ್ದೆವು. ಆಮೇಲೆ ಫ್ಯಾಕ್ಸು, ಆಮೇಲೆ ಇಮೇಲು. ಈಗ ವಿಚಾರಣೆಯೇ ನೇರ ಪ್ರಸಾರ. ಈಗಿನ ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡು, ಕೋರ್ಟಿನಲ್ಲಿ ಕೆಮ್ಮಿದರೂ ಒಂದು ಸಾಲು ಹಾಕುತ್ತಾರೆ. ಅವರನ್ನು ನಾನು ಆಡಿಕೊಳ್ಳುವುದಿಲ್ಲ. ನಮ್ಮ ಕಾಲದಲ್ಲಿ ತಪ್ಪು ಬೆಳಗಿನವರೆಗೆ ಕಾಯುತ್ತಿತ್ತು, ಈಗ ಕಾಯುವುದಿಲ್ಲ, ಅಷ್ಟೇ ವ್ಯತ್ಯಾಸ. ಒಂದು ಅನುಕೂಲ ಮಾತ್ರ ದೊಡ್ಡದು: ಆದೇಶದ ಪೂರ್ತಿ ಪ್ರತಿ ಕೋರ್ಟಿನ ಜಾಲತಾಣದಲ್ಲೇ ಸಿಗುತ್ತದೆ. ಸಿಕ್ಕಿದ್ದನ್ನು ಓದುವವರು ಆಗಲೂ ಕಡಿಮೆ, ಈಗಲೂ ಕಡಿಮೆ.

ಆ ಕಡಿಮೆ ಜನರಲ್ಲಿ ನಾನು ಹೇಗೆ ಸೇರಿದೆ ಎಂಬುದೇ ಈಗ ಹೇಳುವ ಕಥೆ. ಇದನ್ನು ಇಷ್ಟು ವರ್ಷ ಎಲ್ಲೂ ಬರೆದಿಲ್ಲ.

ರಸ್ತೆಯ ಆಚೆ ಬಿಡಿಭಾಗ ಒತ್ತುವ ಕಾರ್ಖಾನೆ ಇತ್ತೆಂದೆನಲ್ಲ, ಅಲ್ಲಿ ಹೊಸ ಯಂತ್ರ ಬಂದಾಗ ನಲವತ್ತಕ್ಕೂ ಹೆಚ್ಚು ಜನರನ್ನು ಹೆಚ್ಚುವರಿ ಎಂದು ಮನೆಗೆ ಕಳಿಸಿದ್ದರು. ಬಹುಪಾಲು ಉತ್ತರ ಕರ್ನಾಟಕದಿಂದ ಬಂದವರು. ಕಾರ್ಮಿಕ ನ್ಯಾಯಾಲಯ ಅವರನ್ನು ವಾಪಸ್ ತೆಗೆದುಕೊಳ್ಳಿ ಎಂದಿತು. ಮಾಲೀಕರು ಹೈಕೋರ್ಟಿಗೆ ಹೋದರು. ಅಲ್ಲಿ ಒಬ್ಬ ನ್ಯಾಯಮೂರ್ತಿಗಳೂ ವಾಪಸ್ ತೆಗೆದುಕೊಳ್ಳಿ ಎಂದರು. ಅದನ್ನು ನಾವು ದೊಡ್ಡದಾಗಿ ಹಾಕಿದೆವು, ಕತ್ತರಿಸಿ ಕಟಿಂಗ್ ಫೈಲಿನಲ್ಲಿ ಅಂಟಿಸಿದೆವು. ಮಾಲೀಕರು ಮೇಲ್ಮನವಿ ಹಾಕಿದರು. ದಸರಾ ರಜೆಗೆ ಮುಂಚಿನ ಕೊನೆಯ ದಿನ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ, ಕಾರ್ಮಿಕರ ವಿರುದ್ಧ ತೀರ್ಪು ಕೊಟ್ಟಿತು.

ಇದು ನಮ್ಮಲ್ಲಿ ಬರಲೇ ಇಲ್ಲ. ಕಾರಣ ಆಯುಧಪೂಜೆ. ಆ ವಾರ ಪೀಣ್ಯದ ಒಂದೊಂದು ಕಾರ್ಖಾನೆಯೂ ಶುಭಾಶಯದ ಜಾಹೀರಾತು ಕೊಡುತ್ತದೆ, ಜಾಹೀರಾತು ಬಂದರೆ ಸುದ್ದಿ ನಾಳೆಗೆ ಹೋಗುತ್ತದೆ. ನಾಳೆಯೂ ಜಾಹೀರಾತು. ನಾಡಿದ್ದು ಪುರವಣಿ. ಆಮೇಲೆ ನಮ್ಮ ಯಂತ್ರಕ್ಕೂ ಕುಂಬಳಕಾಯಿ ಒಡೆದು ಪತ್ರಿಕೆಗೇ ರಜೆ. ರಜೆ ಮುಗಿಯುವ ಹೊತ್ತಿಗೆ ಆ ಸುದ್ದಿ ಹಳಸಿತ್ತು, ಯಾರೋ ಬದಿಗೆ ತಳ್ಳಿದರು. ಫೈಲಿನಲ್ಲಿ ಕಾರ್ಮಿಕರು ಗೆದ್ದ ಕಟಿಂಗೇ ಕೊನೆಯದಾಗಿ ಉಳಿಯಿತು. ನಮ್ಮ ಸುದ್ದಿಮನೆಯ ನಂಬಿಕೆ ಏನೆಂದರೆ, ನಮ್ಮ ಫೈಲಿನಲ್ಲಿ ಇಲ್ಲದ್ದು ಲೋಕದಲ್ಲಿ ನಡೆದಿಲ್ಲ.

ಎರಡು ವರ್ಷದ ಮೇಲೆ ಒಂದು ಸಂಜೆ ದೆಹಲಿಯಿಂದ ಎರಡು ಸಾಲು ಬಂತು. ಪೀಣ್ಯ ಕಾರ್ಖಾನೆ ಪ್ರಕರಣದಲ್ಲಿ ಮೇಲ್ಮನವಿ ವಜಾ, ಹೈಕೋರ್ಟ್ ಆದೇಶ ಎತ್ತಿಹಿಡಿದ ಸುಪ್ರೀಂ ಕೋರ್ಟ್. ಯಾರ ಮೇಲ್ಮನವಿ ಎಂದು ಅದರಲ್ಲಿ ಇರಲಿಲ್ಲ. ಫೈಲು ತೆಗೆದೆ. ಹೈಕೋರ್ಟಿನಲ್ಲಿ ಗೆದ್ದವರು ಕಾರ್ಮಿಕರು. ಆದ್ದರಿಂದ ಮೇಲ್ಮನವಿ ಹಾಕಿದವರು ಮಾಲೀಕರು. ಅದು ವಜಾ. ಲೆಕ್ಕ ಸರಿಹೋಯಿತು. ದೆಹಲಿಯ ವರದಿಗಾರರಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. 'ಯಾರು ಗೆದ್ದದ್ದು?' ಎಂದು ಕೇಳುವ ಶ್ರೀಕಂಠಯ್ಯನವರು ಅವತ್ತು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದರು. ನನ್ನ ಕಿಟಕಿಯಿಂದ ಆ ಕಾರ್ಖಾನೆಯ ಗೇಟು ಕಾಣುತ್ತಿತ್ತು. ದೆಹಲಿಗೆ ನಾಲ್ಕು ಫೋನ್ ಮಾಡಿದವಳು ರಸ್ತೆ ದಾಟಲಿಲ್ಲ. ಪುಟ್ಟಣ್ಣನನ್ನು ಕೇಳಿದ್ದರೂ ಸಾಕಿತ್ತು, ಹೈಕೋರ್ಟಿನಲ್ಲಿ ಸೋತು ದೆಹಲಿಗೆ ಹೋದವರು ಕಾರ್ಮಿಕರೇ ಎಂಬುದು ಅವನಿಗೆ ಗೊತ್ತಿತ್ತು.

'ಪೀಣ್ಯ ಕಾರ್ಮಿಕರಿಗೆ ಸುಪ್ರೀಂ ಜಯ: ಮತ್ತೆ ಕೆಲಸಕ್ಕೆ' ಎಂದು ಮೂರು ಕಾಲಂ ಹಾಕಿದೆ. ಅಕ್ಷರ ಚೆಂದ ಬಂದಿದೆಯೆಂದು ನಾನೇ ನನ್ನನ್ನು ಮೆಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಶ್ರೀಕಂಠಯ್ಯನವರ ಫೋನು. ಬಾಯಲ್ಲಿ ಇನ್ನೂ ಹತ್ತಿ.

'ಹರೋಜಾ, ಯಾಉ ಗೆದ್ದದ್ದು?'

'ಕಾರ್ಮಿಕರು ಸಾರ್.'

ಆ ಕಡೆ ಹತ್ತಿ ತೆಗೆದ ಸದ್ದು. 'ಅಲ್ಲ ಕಣಮ್ಮ. ಬೇರೆ ಪೇಪರ್‌ಗಳಲ್ಲೆಲ್ಲ ಸೋತ್ರು ಅಂತಿದೆ. ಆ ಜನ ಗೇಟಿನ ಹತ್ರ ಬಂದು ನಿಂತಿದಾರಂತೆ. ಹೋಗು.'

ಹೋದೆ. ಇಪ್ಪತ್ತೈದು ಮೂವತ್ತು ಜನ ಇದ್ದರು. ಆರು ವರ್ಷದ ಹಿಂದಿನ ಬೂದು ಸಮವಸ್ತ್ರವನ್ನು ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದರು. ಕೆಲವರಿಗೆ ಗುಂಡಿ ಹಾಕಲು ಆಗುತ್ತಿರಲಿಲ್ಲ, ಹೊಟ್ಟೆ ಬಂದಿತ್ತು. ಇನ್ನು ಕೆಲವರಿಗೆ ಅಂಗಿ ದೊಗಲೆಯಾಗಿತ್ತು. ಎಲ್ಲರ ಕೈಯಲ್ಲೂ ನಮ್ಮ ಪತ್ರಿಕೆ. ಗೇಟಿನ ಕಾವಲುಗಾರನ ಕೈಯಲ್ಲೂ ಅದೇ. ಒಳಗಿನಿಂದ ಕಾರ್ಖಾನೆಯ ಅಧಿಕಾರಿ ಬಂದು, ನೀವು ಸೋತಿದ್ದೀರಿ ಎಂದು ಎರಡು ಸಲ ಹೇಳಿ ಹೋಗಿದ್ದರಂತೆ. ಇವರು ನಂಬಿರಲಿಲ್ಲ.

ಮುಂದೆ ನಿಂತವನು ದುರಗಪ್ಪ. ಸಿಂಧನೂರಿನ ಕಡೆಯವನು, ಎತ್ತರದ ಆಳು, ಕೆಲಸ ಹೋದ ಮೇಲೆ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಅವನನ್ನು ಪುಟ್ಟಣ್ಣನ ಅಂಗಡಿಯಲ್ಲಿ ಎಷ್ಟೋ ಸಲ ನೋಡಿದ್ದೆ, ಹೆಸರು ಕೇಳಿರಲಿಲ್ಲ.

'ಅವರು ಸುಳ್ಳ ಹೇಳತಾರ್ರಿ ಅಕ್ಕಾರ. ಪೇಪರ್‌ನ್ಯಾಗ ಬಂದೈತಲ್ರಿ. ನೋಡ್ರಿ.'

'ಪೇಪರ್ರೇ ತಪ್ಪು' ಎಂದೆ. 'ಇದನ್ನ ಬರೆದವಳು ನಾನೇ. ನೀವು ಗೆದ್ದಿಲ್ಲ.'

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ದುರಗಪ್ಪ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದ.

'ಮುಂಜಾನೆ ಆರಕ್ಕ ಊರಿಗೆ ಫೋನ್ ಹಚ್ಚಿ ಹೆಂಡ್ತಿಗೆ ಹೇಳಿಬಿಟ್ಟೇನ್ರಿ. ಅಕಿ ಓಣಿಗೆಲ್ಲ ಸಕ್ರಿ ಹಂಚ್ಯಾಳ. ಈಗ ಅಕಿಗೆ ಏನಂತ ಹೇಳ್ಲಿ ಹೇಳ್ರಿ.'

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಇಲ್ಲಿ ತುತ್ತೇ ಇರಲಿಲ್ಲ, ಇದೆ ಎಂದು ಹೇಳಿ ಅಷ್ಟು ಜನರ ಬಾಯಿ ತೆರೆಸಿದವಳು ನಾನು. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ದುರಗಪ್ಪ ನನ್ನ ಮುಖ ನೋಡಿ, 'ಬರ್ರಿ, ಚಾ ಕುಡೀರಿ ಮೊದಲ' ಎಂದ. ಪುಟ್ಟಣ್ಣ ಗಾಜಿನ ಲೋಟ ಮುಂದೆ ಇಟ್ಟ. ಹದಿನಾಲ್ಕು ವರ್ಷದಲ್ಲಿ ಅವನು ಕಾಲೆಳೆಯದ ದಿನ ಅದೊಂದೇ.

ಮಧ್ಯಾಹ್ನ ಶ್ರೀಕಂಠಯ್ಯನವರು ಬಾತ ಕೆನ್ನೆಯಲ್ಲೇ ಕಚೇರಿಗೆ ಬಂದು, 'ತಿದ್ದುಪಡಿ ನೀನೇ ಬರಿ. ಬರೆಯೋಕೆ ಮುಂಚೆ ಆದೇಶ ಪೂರ್ತಿ ಓದು' ಎಂದರು. ನಾಲ್ಕು ಸಾಲಿನ ತಿದ್ದುಪಡಿಗೆ ಮೂವತ್ತೊಂದು ಪುಟ. ಶಿಕ್ಷೆ ಎಂದುಕೊಂಡೇ ಓದಿದೆ. ಎಲ್ಲ ಕಡೆಯೂ ಕಾರ್ಮಿಕರು ಸೋಲುತ್ತಲೇ ಹೋದರು. ಮೂವತ್ತನೆಯ ಪುಟದ ಕೆಳಗೆ ಒಂದು ವಾಕ್ಯ: ಇದೇ ಬಗೆಯ ಕೆಲಸಕ್ಕೆ ಕಂಪನಿ ಮುಂದೆ ಯಾವಾಗ ಜನರನ್ನು ತೆಗೆದುಕೊಂಡರೂ, ಈ ಕಾರ್ಮಿಕರನ್ನು ಮೊದಲು ಕರೆಯತಕ್ಕದ್ದು.

ಇದು ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಗೆದ್ದವರಿಗೆ ಹೇಳುವ ಅಗತ್ಯವಿರಲಿಲ್ಲ, ಸೋತವರಿಗೆ ಯಾರೂ ಓದಿ ಹೇಳಿರಲಿಲ್ಲ. ತಿದ್ದುಪಡಿಯ ಕೊನೆಯ ಸಾಲಾಗಿ ಅದನ್ನು ಸೇರಿಸಿ, ಪುಟ ಕಟ್ಟುವವರಿಗೆ ಒಪ್ಪಿಸಿ ಮನೆಗೆ ಹೋದೆ.

ಪತ್ರಿಕೆಯವರಿಗೆ ಒಂದು ಹಳೇ ಅಭ್ಯಾಸವಿದೆ. ಜಾಗ ಸಾಲದಿದ್ದರೆ ಸುದ್ದಿಯನ್ನು ಬಾಲದಿಂದ ಕತ್ತರಿಸುತ್ತೇವೆ. ಮುಖ್ಯವಾದದ್ದು ಮೊದಲು ಬಂದಿರುತ್ತದೆ ಎಂಬ ಧೈರ್ಯ. ಬೆಳಿಗ್ಗೆ ನೋಡಿದರೆ ತಿದ್ದುಪಡಿ ಒಂಬತ್ತನೇ ಪುಟದ ಮೂಲೆಯಲ್ಲಿತ್ತು, ಕೊನೆಯ ಸಾಲು ಇರಲಿಲ್ಲ.

ಸಂಪಾದಕರ ಬಳಿ ಹೋಗಿ ಮತ್ತೆ ಹಾಕಿ ಎಂದೆ. 'ತಿದ್ದುಪಡಿಗೆ ತಿದ್ದುಪಡಿ ಹಾಕೋಕಾಗಲ್ಲ ಸರೋಜಾ ಅವರೇ, ಜನ ನಗ್ತಾರೆ' ಎಂದರು. ಆ ಮಾತಿನಲ್ಲಿ ಸತ್ಯವಿತ್ತು, ಅದಕ್ಕೇ ಇನ್ನೂ ಕೋಪ ಬಂತು. ಮೂವತ್ತನೇ ಪುಟವನ್ನು ನಕಲು ಮಾಡಿಸಿ, ಆ ವಾಕ್ಯದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದು ದುರಗಪ್ಪನಿಗೆ ಕೊಟ್ಟೆ. ಅವನು ಅದನ್ನು ಎರಡೂ ಬದಿ ತಿರುಗಿಸಿ ನೋಡಿದ.

'ಇದರಾಗೂ ಏನರ ತಪ್ಪೈತೇನ್ರಿ ಅಕ್ಕಾರ?'

'ಇಲ್ಲಪ್ಪ. ಇದನ್ನ ನಾನು ಬರೆದಿಲ್ಲ, ಜಡ್ಜು ಬರೆದದ್ದು.'

'ಹಂಗಾರ ಇಟ್ಕೋತೀನಿ' ಎಂದು ನಕ್ಕ. ಆ ಹಾಳೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಂಡ.

ತಪ್ಪು ತಲೆಬರಹದ ಆ ಪುಟ ಮಾತ್ರ ಪುಟ್ಟಣ್ಣನ ಅಂಗಡಿಯ ತಗಡಿನ ಮೇಲೆ ಹಾಗೇ ಉಳಿಯಿತು. ಚಹ ಕುಡಿಯಲು ನಿಂತರೆ ಸರಿಯಾಗಿ ನನ್ನ ಮೂಗಿನ ಎದುರು. ತೆಗೆದುಬಿಡು ಎಂದರೆ, 'ಇರ್ಲಿ ಬಿಡಿ ಮೇಡಂ, ತಗಡು ತೂತಾಗೈತೆ, ಗಾಳಿ ಬರ್ತದೆ' ಎನ್ನುತ್ತಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾನು ಮೂರು ವರ್ಷ ಪ್ರತಿದಿನ ಮೂರು ಕಾಲಂನಲ್ಲಿ ಓದಿದೆ.

ಮೂರು ವರ್ಷದ ಮೇಲೆ ಆ ಕಾರ್ಖಾನೆ ಪೀಣ್ಯದಿಂದ ಜಿಗಣಿಗೆ ಹೋಯಿತು. ನನ್ನ ಪೆನ್ನು ಜರುಗುವುದು ನಿಂತಿತು. ಶ್ರೀಕಂಠಯ್ಯನವರೂ ನಿವೃತ್ತರಾದರು. ಒಂದು ದಿನ ನಮ್ಮದೇ ಪತ್ರಿಕೆಯಲ್ಲಿ ಚಿಕ್ಕ ಜಾಹೀರಾತು: ಜಿಗಣಿಯ ಘಟಕಕ್ಕೆ ಅನುಭವಿ ಪ್ರೆಸ್ ಆಪರೇಟರ್‌ಗಳು ಬೇಕಾಗಿದ್ದಾರೆ. ಹೆಸರು ಅದೇ ಕಂಪನಿಯದು. ಹಳಬರನ್ನು ಯಾರೂ ಕರೆದಿರಲಿಲ್ಲ. ಪುಟ್ಟಣ್ಣನಿಂದ ನಂಬರು ತೆಗೆದುಕೊಂಡು ದುರಗಪ್ಪನಿಗೆ ಫೋನ್ ಮಾಡಿದೆ. ಸರ್ಜಾಪುರದ ಯಾವುದೋ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಗಾರೆ ಕಲಸುತ್ತಿದ್ದ.

ಎರಡು ದಿನದ ಮೇಲೆ ಅವನೇ ಫೋನ್ ಮಾಡಿದ. 'ಹೋಗಿದ್ದೆ ಅಕ್ಕಾರ. ಆ ಹಾಳಿ ತೋರಸ್ದೆ. ಬರೇ ಒಂದ್ ಹಾಳಿ ಜೆರಾಕ್ಸ್ ಯಾರು ನಂಬ್ತಾರ ಅಂದ್ರು. ಪೇಪರ್‌ನ್ಯಾಗಿನವರು ಕೊಟ್ಟಾರ ಅಂದೆ. ಆಗ ಅವರು ನಕ್ರು ನೋಡ್ರಿ, ಬಾಳ ನಕ್ರು.'

ಯಾಕೆ ನಕ್ಕರೆಂದು ನನಗೆ ತಿಳಿಯಿತು. ಶ್ರೀಕಂಠಯ್ಯನವರ ಮನೆಗೆ ಹೋದೆ. ಈಗ ಹಲ್ಲೇ ಇಲ್ಲದ್ದರಿಂದ ನೋವೂ ಇರಲಿಲ್ಲ, ಆದರೂ ಕೈ ಕೆನ್ನೆಯ ಮೇಲೇ ಇತ್ತು.

'ನಾನು ಹೋದರೆ ತಪ್ಪಾಗುತ್ತಾ ಸಾರ್? ಪತ್ರಕರ್ತೆ ಕಕ್ಷಿದಾರಳಾಗಬಾರದು ಅಂತ ನೀವೇ ಹೇಳಿಕೊಟ್ಟಿದ್ದೀರಿ.'

'ಪತ್ರಕರ್ತೆ ಹೋಗೋದು ಬೇಡ' ಎಂದರು. 'ತಪ್ಪು ಮಾಡಿದವಳು ಹೋಗಲಿ. ಪತ್ರಿಕೆ ಗುರುತಿನ ಚೀಟಿ ತೋರಿಸಬೇಡ. ಆದೇಶ ಪೂರ್ತಿ ತಗೊಂಡು ಹೋಗು.'

ರಜೆ ಹಾಕಿ ಮೂವತ್ತೊಂದು ಪುಟ ಹಿಡಿದುಕೊಂಡು ಜಿಗಣಿಗೆ ಹೋದೆ. ದುರಗಪ್ಪ ಹಳೇ ಸಂಗಾತಿಗಳು ಎಂಟು ಜನರನ್ನು ಕರೆತಂದಿದ್ದ. ಉಳಿದವರು ಊರು ಸೇರಿದ್ದರು, ಕೆಲವರು ಬೇರೆ ಕೆಲಸ ಹಿಡಿದಿದ್ದರು, ಒಬ್ಬ ತೀರಿಕೊಂಡಿದ್ದ. ಸಿಬ್ಬಂದಿ ಅಧಿಕಾರಿ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಕೂರಿಸಿ ನೀರು ಕೊಟ್ಟು, ಕಡತ ತೆರೆದು ಮೇಜಿನ ಮೇಲೆ ಒಂದು ಹಳೇ ಕಟಿಂಗ್ ಇಟ್ಟ. ಮೂರು ಕಾಲಂ. 'ಪೀಣ್ಯ ಕಾರ್ಮಿಕರಿಗೆ ಸುಪ್ರೀಂ ಜಯ'. ಅವರೂ ನಮ್ಮ ಹಾಗೇ ಫೈಲು ಇಟ್ಟಿದ್ದರು.

'ಮೇಡಂ, ಇವರು ಹೇಳಿದ್ರು ನೀವು ಬರ್ತೀರಾ ಅಂತ. ಈ ಹೆಡ್ಡಿಂಗ್ ಹಾಕಿದ್ದು ನೀವೇ ಅಲ್ವಾ?'

'ಹೌದು, ನಾನೇ' ಎಂದೆ. 'ಅದಕ್ಕೇ ಇದನ್ನ ಕೊನೇ ಪುಟದವರೆಗೂ ಓದಿದ್ದೀನಿ. ನೀವು ಓದಿದ್ದೀರಾ?'

ಅವನು ಓದಿರಲಿಲ್ಲ. ಅವನದೇನೂ ತಪ್ಪಿಲ್ಲ, ಗೆದ್ದವರು ಮೊದಲ ಪುಟ ಓದಿ ಸಿಹಿ ತಿನ್ನುತ್ತಾರೆ. ಮೂವತ್ತನೇ ಪುಟ ತೆಗೆದು ಅವನ ಕಡೆ ತಿರುಗಿಸಿದೆ. ಅವನು ಆ ವಾಕ್ಯವನ್ನು ಓದಿದ, ಮುಂದಿನ ಪುಟ ತಿರುವಿ ಸಹಿ ನೋಡಿದ, ತನ್ನ ಕಂಪ್ಯೂಟರಿನಲ್ಲಿ ಕೋರ್ಟಿನ ಜಾಲತಾಣ ತೆಗೆದು ಅಲ್ಲೂ ಓದಿದ. ಆಮೇಲೆ ಎದ್ದು ಮೇಲಿನವರ ಕೋಣೆಗೆ ಹೋದ. ಒಂದು ಗಂಟೆ ಬರಲಿಲ್ಲ. ಕಿಟಕಿಯಾಚೆ ಬೇವಿನ ಮರದ ಕೆಳಗೆ ಒಂಬತ್ತು ಜನರೂ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಆ ಒಂದು ಗಂಟೆ ನಾನು ಯಾವ ದೇವರನ್ನೂ ಬಿಡಲಿಲ್ಲ.

ಅವನು ಬಂದು, 'ಸೋಮವಾರದಿಂದ ಬರ್ಲಿ ಮೇಡಂ, ಒಂಬತ್ತೂ ಜನ. ಮೂರು ತಿಂಗಳು ನೋಡ್ತೀವಿ' ಎಂದ.

ಹೊರಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ತಲೆಬರಹ ಸಿದ್ಧವಾಗಿತ್ತು. ಹುಟ್ಟುಗುಣ. ನಾಳೆಯೇ ಹಾಕಿಸುತ್ತೇನೆ ಎಂದೆ. ದುರಗಪ್ಪ ಎರಡೂ ಕೈ ಜೋಡಿಸಿಬಿಟ್ಟ.

'ಬ್ಯಾಡ್ರಿ ಅಕ್ಕಾರ. ನಿಮ್ಮ ಕಾಲ್ ಬೀಳ್ತೀನಿ, ಈಗ ಬರೀಬ್ಯಾಡ್ರಿ. ಒಳಗ ಹೋಗಿ ಹೆಬ್ಬಟ್ಟು ಒತ್ತಿದ ಮ್ಯಾಲ ಫೋನ್ ಮಾಡ್ತೀನಿ, ಆಮ್ಯಾಲ ಬರೀರಿ. ಅಲ್ಲೀ ತನಕ ನಾನೂ ಊರಿಗೆ ಹೇಳಂಗಿಲ್ಲ.'

ಈಗಿನ ಕಾರ್ಖಾನೆಗಳಲ್ಲಿ ಹಾಜರಿಗೆ ಹೆಬ್ಬೆರಳು ಒತ್ತಬೇಕು, ಗೊತ್ತಿದೆಯಲ್ಲ. ಸೋಮವಾರ ಎಂಟು ಜನರದ್ದು ಆಯಿತು, ದುರಗಪ್ಪನದು ಆಗಲಿಲ್ಲ. ಒಂಬತ್ತು ವರ್ಷ ಸಿಮೆಂಟಿನಲ್ಲಿ ಕೈಯಾಡಿಸಿ ಬೆರಳಿನ ಗೆರೆಗಳೇ ಸವೆದಿದ್ದವು. ಯಂತ್ರ 'ಪ್ಲೀಸ್ ಟ್ರೈ ಅಗೇನ್' ಎನ್ನುತ್ತಲೇ ಇತ್ತಂತೆ. ಮಂಗಳವಾರವೂ ಅಷ್ಟೇ. ಯಂತ್ರದಲ್ಲಿ ಹೆಸರಿಲ್ಲದೆ ಒಳಗೆ ಬಿಡುವಂತಿಲ್ಲ ಎಂದು ಗೇಟಿನಲ್ಲೇ ಕೂರಿಸಿದರು. ದಿನವೂ ಕೊಬ್ಬರಿ ಎಣ್ಣೆ ತಿಕ್ಕಲು ಪುಟ್ಟಣ್ಣ ಫೋನಿನಲ್ಲಿ ಹೇಳಿಕೊಟ್ಟ. ನಾನು ಆ ಮೂರು ದಿನ ಒಂದಕ್ಷರ ಬರೆಯಲಿಲ್ಲ. ಮೂರನೇ ಪ್ರಶ್ನೆ, ಯಾರ ಮನೆಯಲ್ಲಿ ಏನು ಬದಲಾಗುತ್ತದೆ ಎಂಬುದು, ಹೆಬ್ಬೆರಳಿನಷ್ಟು ಸಣ್ಣದಾಗಿ ಜಿಗಣಿಯ ಗೇಟಿನಲ್ಲಿ ನಿಂತಿತ್ತು.

ಗುರುವಾರ ಬೆಳಿಗ್ಗೆ ದುರಗಪ್ಪನ ಫೋನು ಬಂತು. ಅತ್ತ ಏನೋ ಸರಸರ ಸದ್ದು, ಆಮೇಲೆ ಯಂತ್ರದ ಹೆಣ್ಣು ದನಿ, ಸ್ಪಷ್ಟವಾಗಿ: 'ಥ್ಯಾಂಕ್ ಯೂ.'

'ಕೇಳ್ತೇನ್ರಿ ಅಕ್ಕಾರ? ಈಗ ಬರೀರಿ.'

ಆರು ಸಾಲು ಬರೆದೆ. ಚಾಟಿ ಇಲ್ಲ, ಜಯ ಇಲ್ಲ. ಒಂಬತ್ತು ಜನರ ಹೆಸರು ಕೊನೆಯ ಎರಡು ಸಾಲಿನಲ್ಲಿದ್ದವು. ಅವತ್ತು ಸಂಜೆ ಪುಟ ಕಟ್ಟುವವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಪುಟ ಯಂತ್ರಕ್ಕೆ ಹೋಗುವವರೆಗೂ ಕೂತೆ, ಬಾಲ ಕತ್ತರಿಸದ ಹಾಗೆ.